ಅಮೆರಿಕವನ್ನು ಸೋಲಿಸಿದ ಅರಿಶಿನದ ಉಳಿದರ್ಧ ಕಥೆ

ರಾತ್ರಿ ಒಂಬತ್ತರ ಕಾರ್ಯಕ್ರಮ ಮುಗಿಸಿ ಕಾಲರ್ ಮೈಕ್ ಬಿಚ್ಚಿ ಕೊಡುತ್ತಿದ್ದೆ. ಚಿಕ್ಕಮ್ಮನ ಫೋನ್ ಬಂತು. ಅವತ್ತು ನಾನು ಹೇಳಿದ್ದು ಅರಿಶಿನದ ಪೇಟೆಂಟ್ ಕಥೆ. ಅಮೆರಿಕದವರು ನಮ್ಮ ಅರಿಶಿನದ ಮೇಲೆ ಹಕ್ಕು ಹೂಡಿದ್ದು, ಭಾರತ ಹೋಗಿ ಅದನ್ನು ರದ್ದು ಮಾಡಿಸಿದ್ದು. ಇಪ್ಪತ್ತು ನಿಮಿಷ. ಹಿನ್ನೆಲೆಯಲ್ಲಿ ನಗಾರಿ, ಪರದೆ ತುಂಬ ಹಳದಿ ಅಕ್ಷರ. ಜನ ಮೆಚ್ಚಿಕೊಂಡರು. ಹೇಳಿದ ನನಗೂ ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ.

"ಎಷ್ಟು ಚೆನ್ನಾಗಿ ಹೇಳ್ದೆ ಕಣೋ" ಅಂದ್ರು ಚಿಕ್ಕಮ್ಮ. "ಮಂಡಿನೋವಿಗೆ ಅಂತ ಮಗ ಅಮೆರಿಕದಿಂದ ಅರಿಶಿನದ ಮಾತ್ರೆ ತಂದುಕೊಟ್ಟಿದ್ದ. ನಮ್ಮನೇಲಿ ಇಲ್ಲದ ಅರಿಶಿನವಾ ಅಂತ ಹಾಗೇ ಇಟ್ಟಿದ್ದೆ. ನಾಳೆಯಿಂದ ಶುರು ಮಾಡ್ತೀನಿ. ಬೆಳಗ್ಗೆ ಎರಡು, ರಾತ್ರಿ ಎರಡು."

"ಒಳ್ಳೇದು ಚಿಕ್ಕಮ್ಮ" ಅಂದೆ. ಕಾರು ಹತ್ತಿ ಮನೆಗೆ ಹೋದೆ.

ಆಮೇಲೆ ಏನಾಯ್ತು ಅನ್ನೋದನ್ನು ಕೊನೆಗೆ ಹೇಳ್ತೀನಿ. ಅದಕ್ಕೆ ಮುಂಚೆ, ಅವತ್ತು ಟಿವಿಯಲ್ಲಿ ಹೇಳದೆ ಬಿಟ್ಟ ಅರ್ಧವನ್ನು ಇಲ್ಲಿ ಬರೆಯಲೇಬೇಕು. ಅವತ್ತು ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ತೊಂದರೆ ಇದ್ದದ್ದು ಎಲ್ಲಿ ನಿಲ್ಲಿಸಿದೆ ಅನ್ನೋದರಲ್ಲಿ.

ಹೇಳಿದ ಅರ್ಧ ಹೀಗಿತ್ತು. 1995ರ ಮಾರ್ಚ್ 28ರಂದು ಅಮೆರಿಕದ ಪೇಟೆಂಟ್ ಕಚೇರಿ 5,401,504 ಎಂಬ ಸಂಖ್ಯೆಯ ಒಂದು ಪೇಟೆಂಟ್ ಕೊಟ್ಟಿತು. ವಿಷಯ: ಗಾಯ ಮಾಗಿಸಲು ಅರಿಶಿನದ ಬಳಕೆ. ಪಡೆದದ್ದು ಮಿಸ್ಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ. ಸಂಶೋಧಕರು ಅಂತ ಹೆಸರಿದ್ದ ಇಬ್ಬರೂ ಭಾರತ ಮೂಲದವರು. ಅಂದ್ರೆ ಬಾಲ್ಯದಲ್ಲಿ ಮಂಡಿ ತರಚಿಕೊಂಡಾಗ ಅವರ ಮನೆಯಲ್ಲೂ ಯಾರಾದರೂ ಅರಿಶಿನ ಒತ್ತಿಯೇ ಇರುತ್ತಾರೆ ಅಂತ ನನ್ನ ಅನುಮಾನ!

ದಿಲ್ಲಿಯಲ್ಲಿ ಆಗ ಸಿಎಸ್‌ಐಆರ್‌ನ ಮಹಾನಿರ್ದೇಶಕರಾಗಿದ್ದವರು ರಘುನಾಥ ಮಾಶೇಲ್ಕರ್. 1996ರ ಅಕ್ಟೋಬರ್‌ನಲ್ಲಿ ಸಿಎಸ್‌ಐಆರ್ ಆ ಪೇಟೆಂಟನ್ನು ಮರುಪರಿಶೀಲಿಸಿ ಅಂತ ಅರ್ಜಿ ಹಾಕಿತು. ನಮ್ಮಜ್ಜಿಗೆ ಇದು ಗೊತ್ತಿತ್ತು ಅಂದ್ರೆ ಪೇಟೆಂಟ್ ಕಚೇರಿ ಕೇಳಲ್ಲ. ಬರೆದಿಟ್ಟದ್ದು ತೋರಿಸಿ ಅನ್ನುತ್ತೆ. ಹಾಗಾಗಿ ಸಂಸ್ಕೃತ, ಉರ್ದು, ಹಿಂದಿ ಗ್ರಂಥಗಳನ್ನೆಲ್ಲ ತಡಕಾಡಿ 32 ದಾಖಲೆ ಒಟ್ಟು ಮಾಡಿದರು. ಕೆಲವು ನೂರು ವರ್ಷಕ್ಕಿಂತ ಹಳೆಯವು. 1953ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧವೂ ಅದರಲ್ಲಿತ್ತು. 1997ರ ಆಗಸ್ಟ್‌ನಲ್ಲಿ, ಇತ್ತ ದೇಶ ಸ್ವಾತಂತ್ರ್ಯದ ಸುವರ್ಣ ಮಹೋತ್ಸವ ಆಚರಿಸುತ್ತಿದ್ದ ತಿಂಗಳಲ್ಲೇ, ಅತ್ತ ಪೇಟೆಂಟ್ ಕಚೇರಿ ಆರಕ್ಕೆ ಆರೂ ಹಕ್ಕುಗಳನ್ನು ತಳ್ಳಿಹಾಕಿತು. ಹಲ್ದೀಘಾಟಿಯ ಎರಡನೇ ಯುದ್ಧ ಅಂತ ಅದಕ್ಕೆ ಹೆಸರೂ ಬಿತ್ತು. ಅಲ್ಲಿಂದ ಮುಂದೆ ನಮ್ಮ ಪಾರಂಪರಿಕ ಜ್ಞಾನವನ್ನೆಲ್ಲ ಇಂಗ್ಲಿಷ್, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್, ಜಪಾನಿ ಭಾಷೆಗಳಲ್ಲಿ ದಾಖಲಿಸುವ ಡಿಜಿಟಲ್ ಗ್ರಂಥಾಲಯ 2001ರಲ್ಲಿ ಶುರುವಾಯಿತು. ದೊಡ್ಡ ಕೆಲಸ. ಅದರ ಬಗ್ಗೆ ನನ್ನ ಹೆಮ್ಮೆ ಇವತ್ತಿಗೂ ಒಂದು ಗುಲಗಂಜಿ ಕಮ್ಮಿಯಾಗಿಲ್ಲ.

ಅವತ್ತು ಇಲ್ಲಿಗೆ ನಗಾರಿ ಬಾರಿಸಿ ಶುಭರಾತ್ರಿ ಹೇಳಿದ್ದೆ.

ಈಗ ಒಂದು ಪ್ರಶ್ನೆ. ಆ ವ್ಯಾಜ್ಯದಲ್ಲಿ ನಾವು ಗೆದ್ದದ್ದು ಏನನ್ನು? ಅರಿಶಿನ ಎಲ್ಲ ಕಾಯಿಲೆಗೂ ಮದ್ದು ಅಂತ ಅಮೆರಿಕ ಒಪ್ಪಿಕೊಂಡಿತೇ? ಇಲ್ಲ. ಪೇಟೆಂಟ್ ಕಚೇರಿಯ ಮುಂದಿದ್ದ ಪ್ರಶ್ನೆ, ಇದು ಹೊಸದೋ ಹಳೆಯದೋ ಅನ್ನೋದು ಮಾತ್ರ. ಹಳೆಯದು ಅಂತ ನಾವು ಸಾಬೀತು ಮಾಡಿದೆವು. ಅದೂ ಯಾವುದರಲ್ಲಿ? ಗಾಯಕ್ಕೆ ಅರಿಶಿನ ಹಾಕುವ ವಿಷಯದಲ್ಲಿ. ಮಂಡಿನೋವಿನ ಮಾತು ಅಲ್ಲಿ ಬರಲೇ ಇಲ್ಲ. ಆದರೆ ಆ ಗೆಲುವಿನ ಸುದ್ದಿ ಊರೂರು ಸುತ್ತಿ ಬರುವಾಗ "ನಮ್ಮದು ಅಂತ ಸಾಬೀತಾಯಿತು" ಅನ್ನೋದು ಬಾಯಿಂದ ಬಾಯಿಗೆ "ಔಷಧಿ ಅಂತ ಸಾಬೀತಾಯಿತು" ಅಂತ ಆಗಿಬಿಟ್ಟಿತು. ಅದರಲ್ಲಿ ನನ್ನ ಬಾಯಿಯೂ ಒಂದು.

ಇನ್ನೊಂದು ಸ್ವಾರಸ್ಯ ಇದೆ. ಪೇಟೆಂಟ್ ಉಳಿಸಿಕೊಳ್ಳೋಕೆ ಎದುರು ಪಕ್ಷದವರು ಹೂಡಿದ ವಾದ ಏನು ಗೊತ್ತಾ? ನೀವು ತೋರಿಸುತ್ತಿರೋದು ಅರಿಶಿನದ ಲೇಪ, ನಾವು ಹೇಳುತ್ತಿರೋದು ಪುಡಿ. ಲೇಪ ಬೇರೆ, ಪುಡಿ ಬೇರೆ. ಮೈ ಹೀರಿಕೊಳ್ಳುವ ರೀತಿಯೇ ಬೇರೆ. ಒಂದು ಕೆಲಸ ಮಾಡಿದರೆ ಇನ್ನೊಂದೂ ಮಾಡುತ್ತೆ ಅಂತ ಹೇಳೋಕಾಗಲ್ಲ. ಕಚೇರಿ ಆ ವಾದ ಒಪ್ಪಲಿಲ್ಲ. ನಾವೂ ನಕ್ಕೆವು. ಅದೇ ಮಾತು ಆಮೇಲೆ ಬೇರೆ ಬಾಗಿಲಿಂದ ನಮ್ಮ ಮನೆಗೇ ಬಂತು. ಅದು ಹೇಗೆ ಅಂತ ನೋಡೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅರಿಶಿನ ಎಷ್ಟು ಹಳೆಯದು? ಹರಿಯಾಣದ ಫರ್ಮಾನಾ ಅನ್ನೋ ಹರಪ್ಪಾ ಕಾಲದ ನೆಲೆಯಲ್ಲಿ ಸಿಕ್ಕ ಅಡುಗೆ ಮಡಕೆಯಲ್ಲಿ, ಮನುಷ್ಯರ ಹಲ್ಲಿನಲ್ಲಿ, ಅರಿಶಿನ ಮತ್ತು ಶುಂಠಿಯ ಪಿಷ್ಟದ ಕಣಗಳು ಸಿಕ್ಕಿವೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಮಾತು. ಇನ್ನೊಂದು ಸೋಜಿಗ: ಅರಿಶಿನಕ್ಕೆ ಮೊಳೆಯುವಂಥ ಬೀಜ ಕಟ್ಟೋದಿಲ್ಲ. ಕಾಡಿನಲ್ಲಿ ತಾನಾಗಿ ಬೆಳೆದ ಈ ಗಿಡ ಯಾರಿಗೂ ಸಿಕ್ಕಿಲ್ಲ. ಪ್ರತಿ ವರ್ಷ ಯಾರೋ ಒಬ್ಬ ರೈತ ಗೆಡ್ಡೆ ಎತ್ತಿಟ್ಟು, ಮರುವರ್ಷ ಮತ್ತೆ ನೆಟ್ಟಿದ್ದರಿಂದಲೇ ಅದು ಇಲ್ಲಿಯವರೆಗೆ ಬಂದಿದೆ. ಇವತ್ತು ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹೊಲಗಳಲ್ಲಿ ನಡೆಯೋದೂ ಅದೇ ಕೆಲಸ. ಸಾವಿರಾರು ವರ್ಷ ಒಂದು ವರ್ಷವೂ ತಪ್ಪದೆ ಕೈಯಿಂದ ಕೈಗೆ ದಾಟಿದ ಗೆಡ್ಡೆ. ಯೋಚನೆ ಮಾಡಿ ನೋಡಿ.

ನಮ್ಮ ವೈದ್ಯ ಗ್ರಂಥಗಳು ಇದನ್ನು ಹರಿದ್ರಾ ಅಂದವು. ರಾತ್ರಿ ಅನ್ನುವ ಅರ್ಥದ ನಿಶಾ, ರಜನೀ ಅನ್ನೋ ಹೆಸರುಗಳೂ ಇದಕ್ಕಿವೆ. ಚರಕ ಸಂಹಿತೆ ಇದನ್ನು ಚರ್ಮರೋಗ ಕಳೆಯುವ ಗುಂಪಿನಲ್ಲಿ, ವಿಷ ಕಳೆಯುವ ಗುಂಪಿನಲ್ಲಿ ಸೇರಿಸಿತು. ವಾಗ್ಭಟ ಪ್ರಮೇಹಕ್ಕೆ ನೆಲ್ಲಿ ಮತ್ತು ಅರಿಶಿನ ಅಂದ. ಹಾಗಾದರೆ ಕೀಲುನೋವಿಗೆ? ಅಲ್ಲಿ ಮುಂದೆ ನಿಲ್ಲೋದು ರಾಸ್ನೆ, ಗುಗ್ಗುಳು, ಶುಂಠಿ, ಹರಳು. ಗಂಟುನೋವಿನ ಮುಖ್ಯ ಮದ್ದು ಅಂತ ಅರಿಶಿನವನ್ನು ಯಾವ ವೈದ್ಯನೂ ತಲೆ ಮೇಲೆ ಹೊತ್ತು ಮೆರೆಸಲಿಲ್ಲ. "ಐದು ಸಾವಿರ ವರ್ಷದಿಂದ ಕೀಲುನೋವಿಗೆ ಬಳಸುತ್ತಿದ್ದ ಪ್ರಾಚೀನ ರಹಸ್ಯ" ಅಂತ ಬಾಟಲಿಯ ಮೇಲೆ ಬರೆದಿದ್ದರೆ, ಅದನ್ನು ಬರೆದವರು ಚರಕನನ್ನೂ ಓದಿಲ್ಲ, ವಾಗ್ಭಟನನ್ನೂ ಓದಿಲ್ಲ.

ಮಾತ್ರೆಯೊಳಗಿನ ಅರಿಶಿನದ ಚರಿತ್ರೆ ಶುರುವಾಗೋದು ಯುರೋಪಿನಲ್ಲಿ. 1815ರಲ್ಲಿ ವೋಗೆಲ್ ಮತ್ತು ಪೆಲ್ಲೆಟಿಯೆ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಅರಿಶಿನದ ಹಳದಿ ಬಣ್ಣವನ್ನು ಬೇರ್ಪಡಿಸಿ ಕರ್ಕ್ಯುಮಿನ್ ಅಂತ ಹೆಸರಿಟ್ಟರು. ಅವರಿಗೆ ಬೇಕಾಗಿದ್ದದ್ದು ಬಣ್ಣ. ಔಷಧಿಯ ಯೋಚನೆ ಆಗ ಇರಲಿಲ್ಲ. ಅರಿಶಿನ ಬಳಿದ ಕಾಗದ ಕ್ಷಾರ ತಾಕಿದರೆ ಕೆಂಪಾಗುತ್ತೆ. ಹತ್ತೊಂಬತ್ತನೇ ಶತಮಾನದ ಪ್ರಯೋಗಶಾಲೆಗಳಲ್ಲಿ ಈ ಕಾಗದ ಇದ್ದೇ ಇರುತ್ತಿತ್ತು. ವಿದ್ಯುತ್ತಿನ ಪ್ರಯೋಗಗಳಲ್ಲಿ ಮೈಕೆಲ್ ಫ್ಯಾರಡೆ ಕೂಡ ಇದನ್ನು ಬಳಸಿದ. ನಮ್ಮ ಹೆಣ್ಣುಮಕ್ಕಳಿಗೆ ಈ ರಸಾಯನಶಾಸ್ತ್ರ ಅದಕ್ಕೂ ಮುಂಚೆಯೇ ಗೊತ್ತಿತ್ತು: ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಆರತಿಯ ಕೆಂಪು ನೀರು, ಅದೇ ತತ್ವದಲ್ಲಿ ಕುಂಕುಮ. 1910ರಲ್ಲಿ ಪೋಲೆಂಡಿನ ವಿಜ್ಞಾನಿಗಳು ಕರ್ಕ್ಯುಮಿನ್‌ನ ರಚನೆಯನ್ನು ಬಿಡಿಸಿದರು. 1949ರಲ್ಲಿ ಇದು ಬ್ಯಾಕ್ಟೀರಿಯಾ ಕೊಲ್ಲುತ್ತೆ ಅಂತ ನೇಚರ್ ಪತ್ರಿಕೆಯಲ್ಲಿ ವರದಿ ಬಂತು.

ಉರಿಯೂತದ ವಿಷಯ ಬಂದದ್ದು ಆಮೇಲೆ. ಅದೂ ನಮ್ಮ ದೇಶದಿಂದಲೇ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ಶ್ರೀಮಲ್ ಮತ್ತು ಧವನ್ 1973ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಊತ ಬರಿಸಿದ ಪ್ರಾಣಿಗಳಿಗೆ ಕರ್ಕ್ಯುಮಿನ್ ಕೊಟ್ಟರೆ ಊತ ಇಳಿಯುತ್ತೆ ಅಂತ ತೋರಿಸಿದರು. ಉರಿ ಮತ್ತು ಊತ ಎರಡನ್ನೂ ಸೇರಿಸಿ ಉರಿಯೂತ ಅಂತೀವಲ್ಲ, ಒಳ್ಳೆಯ ಪದ. ಮೈಗೆ ಪೆಟ್ಟು ಬಿದ್ದಾಗ, ಸೋಂಕು ತಗುಲಿದಾಗ ಮೈಯೇ ಕಳಿಸುವ ಪಡೆ ಅದು. ಕೆಲಸ ಮುಗಿಸಿ ವಾಪಸ್ ಹೋದರೆ ಸರಿ. ಹೋಗದೆ ವರ್ಷಗಟ್ಟಲೆ ಅಲ್ಲೇ ಠಿಕಾಣಿ ಹೂಡಿದರೆ ಕೀಲು, ಕರುಳು, ರಕ್ತನಾಳ ಎಲ್ಲ ಹಾಳು. ಅದನ್ನೇ ದೀರ್ಘಕಾಲದ ಉರಿಯೂತ ಅನ್ನೋದು. 1980ರಲ್ಲಿ ಸಂಧಿವಾತದ 18 ರೋಗಿಗಳ ಮೇಲೆ ದಿನಕ್ಕೆ 1,200 ಮಿಲಿಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದ ಒಂದು ಪುಟ್ಟ ಭಾರತೀಯ ಅಧ್ಯಯನವೂ ಬಂತು. ಸ್ವಲ್ಪ ಸುಧಾರಣೆ ಕಂಡಿತು. ಹದಿನೆಂಟು ಜನ, ಎರಡೆರಡು ವಾರ. ಆಸೆ ಹುಟ್ಟಿಸೋಕೆ ಸಾಕು, ನಿರ್ಧಾರಕ್ಕೆ ಸಾಲದು.

ಆದರೆ ಒಂದು ತೊಡಕು ಅಷ್ಟರಲ್ಲೇ ಗೊತ್ತಾಗಿತ್ತು. 1978ರಲ್ಲಿ ಸ್ವೀಡನ್ನಿನ ಸಂಶೋಧಕರು ಇಲಿಗಳಿಗೆ ದಂಡಿಯಾಗಿ ಕರ್ಕ್ಯುಮಿನ್ ತಿನ್ನಿಸಿ, ಅದು ಎಲ್ಲಿ ಹೋಗುತ್ತೆ ಅಂತ ಹಿಂಬಾಲಿಸಿದರು. ಮುಕ್ಕಾಲು ಪಾಲು ಮಲದಲ್ಲಿ ಹೊರಗೆ! ರಕ್ತದಲ್ಲಿ ಸಿಕ್ಕಿದ್ದು ಇಲ್ಲವೆನ್ನುವಷ್ಟು. ಅರಿಶಿನದ ಈ ಅಂಶಕ್ಕೆ ನಮ್ಮ ಮೈಯ ಬಾಗಿಲು ಸುಲಭವಾಗಿ ತೆರೆಯೋದಿಲ್ಲ. ಒಳಗೆ ನುಗ್ಗಿದ ಚೂರುಪಾರನ್ನೂ ಕರುಳು ಮತ್ತು ಲಿವರ್ ಹಿಡಿದು, ಇನ್ನೊಂದು ವಸ್ತು ಅಂಟಿಸಿ, ಹೊರಗೆ ದಬ್ಬುತ್ತವೆ.

ಈಗ ನಮ್ಮ ಊರಿಗೆ ಬನ್ನಿ. 1998. ಪೇಟೆಂಟ್ ಗೆದ್ದ ಮರುವರ್ಷ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ ಒಂದು ಅಧ್ಯಯನ ಹೊರಬಂತು. ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟರು. ರಕ್ತದಲ್ಲಿ ಹುಡುಕಿದರೆ ಹೆಚ್ಚುಕಮ್ಮಿ ಏನೂ ಇಲ್ಲ. ಆಮೇಲೆ ಅದರ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟರು. ಪೈಪರಿನ್ ಅಂದ್ರೆ ಕಾಳುಮೆಣಸಿನ ಖಾರದ ಅಂಶ. ರಕ್ತಕ್ಕೆ ಸೇರುವ ಪ್ರಮಾಣ ಶೇ. 2,000ರಷ್ಟು ಏರಿತು.

ಇವತ್ತು ಅರಿಶಿನ ಮಾತ್ರೆಯ ಯಾವ ಜಾಹೀರಾತು ನೋಡಿದರೂ ಈ 2,000 ಅನ್ನೋ ಅಂಕಿ ಇರುತ್ತೆ. ಅದು ಹುಟ್ಟಿದ್ದು ಬೆಂಗಳೂರಿನಲ್ಲಿ. ಹೆಮ್ಮೆ ಪಡಿ, ಬೇಡ ಅನ್ನಲ್ಲ. ಆದರೆ ಎರಡು ವಿಷಯ ಜೊತೆಗಿರಲಿ. ಒಂದು, ಸೊನ್ನೆಗೆ ಹತ್ತಿರ ಇರೋದು ಇಪ್ಪತ್ತು ಪಟ್ಟು ಆದರೆ ಎಷ್ಟಾಗುತ್ತೆ, ನೀವೇ ಲೆಕ್ಕ ಹಾಕಿ. ಎರಡನೆಯದು ಮುಖ್ಯ. ಮೆಣಸಿನ ಅಂಶ ಅರಿಶಿನವನ್ನು ಒಳಗೆ ಬಿಡೋದು ಹೇಗೆ? ಬೇಡದ್ದನ್ನು ಹೊರಗೆ ದಬ್ಬುವ ಲಿವರ್‌ನ ಕೈಯನ್ನು ಸ್ವಲ್ಪ ಹೊತ್ತು ಕಟ್ಟಿಹಾಕಿ. ಕಾವಲುಗಾರನನ್ನು ಮಲಗಿಸಿ ಬಾಗಿಲು ತೆರೆದ ಹಾಗೆ. ಮಲಗಿದ ಕಾವಲುಗಾರ ಅರಿಶಿನವನ್ನಷ್ಟೇ ಒಳಗೆ ಬಿಡ್ತಾನಾ? ಮೂರ್ಛೆರೋಗದ ಫೆನಿಟಾಯಿನ್, ಬಿಪಿಯ ಪ್ರೊಪ್ರನಲಾಲ್ ಥರದ ಔಷಧಿಗಳ ಪ್ರಮಾಣವನ್ನೂ ಪೈಪರಿನ್ ರಕ್ತದಲ್ಲಿ ಏರಿಸುತ್ತೆ ಅಂತ ಅಧ್ಯಯನಗಳಿವೆ.

"ಅಜ್ಜಿ ಅರಿಶಿನದ ಹಾಲಿಗೆ ಮೆಣಸು ಹಾಕುತ್ತಿದ್ದರು, ಅವರಿಗೆ ಈ ವಿಜ್ಞಾನ ಆಗಲೇ ಗೊತ್ತಿತ್ತು" ಅಂತ ವಾಟ್ಸಾಪಿನಲ್ಲಿ ಬರುತ್ತೆ. ಇರಲಿ. ಅಜ್ಜಿ ಹಾಕುತ್ತಿದ್ದದ್ದು ಎಷ್ಟು? ಚಿಟಿಕೆ ಅರಿಶಿನ, ಎರಡು ಕಾಳು ಮೆಣಸು. ಎಷ್ಟು ದಿನ? ಗಂಟಲುನೋವು ಹೋಗುವ ತನಕ. ಲೆಕ್ಕ ಮಾಡೋಣ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರೋದು ಸುಮಾರು ಶೇ. 3. ಪೇಟೆಯ 500 ಮಿಲಿಗ್ರಾಂ ಮಾತ್ರೆಯಲ್ಲಿ ಶೇ. 95. ಅಂದ್ರೆ ಒಂದು ಮಾತ್ರೆ ಹದಿನೈದು ಗ್ರಾಂ ಅರಿಶಿನಕ್ಕೆ ಸಮ. ನಮ್ಮ ಚಿಕ್ಕಮ್ಮ ನುಂಗಿದ್ದು ದಿನಕ್ಕೆ ನಾಲ್ಕು. ಅರವತ್ತು ಗ್ರಾಂ! ನಾಲ್ಕು ಜನರ ನಮ್ಮ ಮನೆಯಲ್ಲಿ ನೂರು ಗ್ರಾಂ ಪ್ಯಾಕೆಟ್ ತಿಂಗಳು ದಾಟಿ ಬರುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿ ಇಟ್ಟಿರುವ ಮಿತಿ ಮೈತೂಕದ ಒಂದು ಕಿಲೋಗೆ ದಿನಕ್ಕೆ 3 ಮಿಲಿಗ್ರಾಂ ಕರ್ಕ್ಯುಮಿನ್. ಅದು ಆಹಾರಕ್ಕೆ ಹಾಕುವ ಬಣ್ಣ ಅಂತ ಲೆಕ್ಕ ಹಿಡಿದು ಇಟ್ಟ ಮಿತಿ. ಅರವತ್ತು ಕಿಲೋ ತೂಕದವರಿಗೆ 180 ಮಿಲಿಗ್ರಾಂ. ಒಂದೇ ಮಾತ್ರೆ ಅದರ ಎರಡೂವರೆ ಪಟ್ಟು.

ಈಗ ಆ ಪೇಟೆಂಟಿನವರ ವಾದ ನೆನಪಿಸಿಕೊಳ್ಳಿ. ಲೇಪ ಬೇರೆ, ಪುಡಿ ಬೇರೆ. ಆವತ್ತು ನಾವು ನಕ್ಕಿದ್ದು ಸರಿಯೇ. ಆದರೆ ಪುಡಿ ಬೇರೆ, ಮಾತ್ರೆ ಬೇರೆ ಅನ್ನೋದು ಮಾತ್ರ ನಿಜ. ಅಜ್ಜಿಯ ಅರಿಶಿನಕ್ಕೆ ನಾಲ್ಕು ಸಾವಿರ ವರ್ಷದ ಅನುಭವ ಇದೆ. ಮಾತ್ರೆಯ ಅರಿಶಿನಕ್ಕೆ ಇರೋದು ಕೆಲವೇ ದಶಕಗಳ ಅನುಭವ ಅನ್ನಬಹುದು. ಮಾರುವಾಗ ಮಾತ್ರ ಆ ನಾಲ್ಕು ಸಾವಿರ ವರ್ಷವನ್ನು ಈ ಬಾಟಲಿಗೆ ಅಂಟಿಸಿ ಮಾರುತ್ತಾರೆ.

ಇಷ್ಟು ದೊಡ್ಡ ಮಾರುಕಟ್ಟೆ ಹುಟ್ಟಿದ್ದು ಹೇಗೆ? 1994ರ ಅಕ್ಟೋಬರ್‌ನಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ಪೂರಕ ಆಹಾರ ಅಂತ ಹೆಸರಿಟ್ಟು ಮಾರಿದರೆ, ಮಾರುಕಟ್ಟೆಗೆ ಬರುವ ಮುಂಚೆ ಔಷಧಿಯ ಹಾಗೆ ಪರಿಣಾಮ ಸಾಬೀತು ಮಾಡಬೇಕಿಲ್ಲ. ರೋಗ ವಾಸಿ ಮಾಡುತ್ತೆ ಅಂತ ಬರೆಯುವ ಹಾಗಿಲ್ಲ, "ಕೀಲುಗಳ ಆರೋಗ್ಯಕ್ಕೆ ಸಹಕಾರಿ" ಅಂತ ಬರೆಯಬಹುದು. ಚಿಕ್ಕಮ್ಮನ ಬಾಟಲಿಯ ಮೇಲೆ ಇದ್ದದ್ದು ಅದೇ ಥರದ ಮಾತು. 2004ರ ಫೆಬ್ರವರಿಯಲ್ಲಿ ಟೈಮ್ ಪತ್ರಿಕೆ ಉರಿಯೂತವನ್ನು ಗುಪ್ತ ಕೊಲೆಗಾರ ಅಂತ ಮುಖಪುಟಕ್ಕೇ ಹಾಕಿತು. ಅದೇ ವರ್ಷ ಸೆಪ್ಟೆಂಬರ್ 30ರಂದು, ವಯಾಕ್ಸ್ ಅನ್ನೋ ಹೆಸರುವಾಸಿ ನೋವಿನ ಮಾತ್ರೆಯನ್ನು ಹೃದಯಾಘಾತದ ಅಪಾಯ ಇದೆ ಅಂತ ಕಂಪನಿಯೇ ವಾಪಸ್ ತಗೊಂಡಿತು. ಸಂಧಿವಾತದಿಂದ ನರಳುವವರು ಏನು ಮಾಡಬೇಕು ಹೇಳಿ? ಇಂಗ್ಲಿಷ್ ಮಾತ್ರೆ ನುಂಗೋಕೆ ಭಯ, ನೋವು ತಡೆಯೋಕೆ ಆಗಲ್ಲ. ಆಗ ಎದುರಿಗೆ ಕಂಡಿದ್ದು ಹಳದಿ ಬಣ್ಣದ, ನೈಸರ್ಗಿಕ ಅನ್ನುವ ಬಾಟಲಿ. ನಾನು ಆ ಜಾಗದಲ್ಲಿದ್ದರೂ ಅದನ್ನೇ ಕೊಳ್ಳುತ್ತಿದ್ದೆ.

ಹಾಗಾದರೆ ಇದು ಪೂರ್ತಿ ಮೋಸವಾ? ಹಾಗೂ ಅಲ್ಲ, ಅದನ್ನೂ ಹೇಳಬೇಕು. 2014ರಲ್ಲಿ ಥಾಯ್ಲೆಂಡಿನ ವೈದ್ಯರು ಮಂಡಿ ಸವೆದ 367 ಜನರ ಮೇಲೆ ಪ್ರಯೋಗ ಮಾಡಿದರು. ಅರ್ಧ ಜನರಿಗೆ ದಿನಕ್ಕೆ 1,500 ಮಿಲಿಗ್ರಾಂ ಅರಿಶಿನದ ಸಾರ, ಉಳಿದವರಿಗೆ 1,200 ಮಿಲಿಗ್ರಾಂ ಐಬುಪ್ರೊಫೆನ್. ನಾಲ್ಕು ವಾರ. ನೋವು ಇಳಿದದ್ದು ಹೆಚ್ಚುಕಮ್ಮಿ ಒಂದೇ ಸಮ, ಹೊಟ್ಟೆನೋವಿನ ದೂರು ಅರಿಶಿನದವರಲ್ಲಿ ಕಡಿಮೆ. ಮಂಡಿನೋವಿನ ಮಟ್ಟಿಗೆ ಇಂಥ ಒಳ್ಳೆಯ ಸೂಚನೆಗಳು ಇನ್ನೂ ಇವೆ. ಆದರೆ ಗಮನಿಸಿ, ನಾಲ್ಕು ವಾರ, ವೈದ್ಯರ ಕಣ್ಣಳತೆಯಲ್ಲಿ. ಅಲ್ಲಿಂದ ಕ್ಯಾನ್ಸರ್, ಮರೆವು, ಸಕ್ಕರೆ, ಹೃದಯ ಅಂತ ಪಟ್ಟಿ ಬೆಳೆಸಿದರಲ್ಲ, ಅದು ಕುಸಿಯಿತು. 2017ರಲ್ಲಿ ಅಮೆರಿಕದ ಔಷಧ ರಸಾಯನಶಾಸ್ತ್ರದ ಪ್ರಮುಖ ಪತ್ರಿಕೆಯೊಂದರಲ್ಲಿ ದೊಡ್ಡ ವಿಮರ್ಶೆ ಬಂತು. 120ಕ್ಕೂ ಹೆಚ್ಚು ಮಾನವ ಪ್ರಯೋಗಗಳಾದರೂ, ಹುಸಿಮಾತ್ರೆಯ ಎದುರು ಕಟ್ಟುನಿಟ್ಟಾಗಿ ನಡೆದ ಪರೀಕ್ಷೆಯಲ್ಲಿ ಕರ್ಕ್ಯುಮಿನ್ ಗೆದ್ದದ್ದಿಲ್ಲ ಅಂತ ಅದರ ತೀರ್ಮಾನ. ಪ್ರಯೋಗಶಾಲೆಯ ಪರೀಕ್ಷೆಗಳನ್ನೇ ದಾರಿ ತಪ್ಪಿಸುವ ಸ್ವಭಾವ ಈ ಅಣುವಿಗಿದೆ ಅಂತಲೂ ತೋರಿಸಿದರು. ಅರಿಶಿನದ ಸಂಶೋಧನೆಯಲ್ಲಿ ಜಗತ್ತಿನಲ್ಲೇ ದೊಡ್ಡ ಹೆಸರಾಗಿದ್ದ, ಟೆಕ್ಸಸ್‌ನ ಒಂದು ಕ್ಯಾನ್ಸರ್ ಸಂಸ್ಥೆಯಲ್ಲಿದ್ದ ಭಾರತ ಮೂಲದ ವಿಜ್ಞಾನಿಯೊಬ್ಬರ ಹಲವಾರು ಪ್ರಬಂಧಗಳನ್ನು ಪತ್ರಿಕೆಗಳು ವಾಪಸ್ ಪಡೆದವು. ನಮ್ಮ ಟಿವಿಗಳಲ್ಲಿ ಅದು ಸುದ್ದಿಯಾಗಲಿಲ್ಲ. ಪೇಟೆಂಟ್ ಗೆದ್ದದ್ದು ಮಾತ್ರ ಇವತ್ತಿಗೂ ಸುದ್ದಿ.

ಇನ್ನು ಲಿವರ್. 2019ರಲ್ಲಿ ಇಟಲಿಯಲ್ಲಿ ಅರಿಶಿನ ಮಾತ್ರೆ ತಿಂದ ಇಪ್ಪತ್ತಕ್ಕೂ ಹೆಚ್ಚು ಜನ ಲಿವರ್ ಊದಿಕೊಂಡು ಆಸ್ಪತ್ರೆಗೆ ಬಂದರು. ಕಲಬೆರಕೆ ಇರಬಹುದು ಅಂತ ಸರ್ಕಾರ ಹುಡುಕಿತು. ಅಂಥದ್ದು ಸಿಗಲಿಲ್ಲ. ಕೊನೆಗೆ ಪೊಟ್ಟಣದ ಮೇಲೆ ಎಚ್ಚರಿಕೆ ಬರೆಯಿರಿ ಅಂತ ಆದೇಶ ಮಾಡಿತು. ಅಮೆರಿಕದಲ್ಲಿ ಔಷಧಿಯಿಂದ ಲಿವರ್ ಕೆಡುವ ಪ್ರಕರಣಗಳನ್ನು ಹಿಂಬಾಲಿಸುವ ವೈದ್ಯರ ಜಾಲವೊಂದಿದೆ. ಅದು 2022ರಲ್ಲಿ ಅರಿಶಿನಕ್ಕೆ ಸಂಬಂಧಿಸಿದ 10 ಪ್ರಕರಣ ವರದಿ ಮಾಡಿತು. ಎಲ್ಲವೂ 2011ರ ಈಚಿನವು. ಎಂಟು ಜನ ಹೆಂಗಸರು. ಐದು ಜನ ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಪರೀಕ್ಷಿಸಿದ ಮಾತ್ರೆಗಳಲ್ಲಿ ಕೆಲವದರಲ್ಲಿ ಮೆಣಸಿನ ಅಂಶವೂ ಇತ್ತು. ಹತ್ತರಲ್ಲಿ ಏಳು ಜನರಲ್ಲಿ ಒಂದು ನಿರ್ದಿಷ್ಟ ಜೀನ್ ಕಂಡಿತು. ಅಂದ್ರೆ ಎಲ್ಲರಿಗೂ ಹೀಗಾಗಲ್ಲ. ಲಕ್ಷಾಂತರ ಜನ ತಿಂತಾರೆ, ಕೆಲವರಿಗೆ ಆಗುತ್ತೆ. ಯಾರಿಗೆ ಅನ್ನೋದು ಮೊದಲೇ ಹಣೆ ಮೇಲೆ ಬರೆದಿರಲ್ಲ. ಲಿವರ್ ಕೆಟ್ಟು ಕಣ್ಣು ಹಳದಿಯಾಗೋದಕ್ಕೆ ಕನ್ನಡದಲ್ಲಿ ಏನಂತಾರೆ? ಅರಿಶಿನ ಕಾಮಾಲೆ.

ಚಿಕ್ಕಮ್ಮನ ಕಣ್ಣು ಹಳದಿಯಾಗಲಿಲ್ಲ. ನಾಲ್ಕು ತಿಂಗಳಾದ ಮೇಲೆ ಊಟ ಸೇರದು, ಸುಸ್ತು, ವಾಕರಿಕೆ ಅಂತ ಶುರುವಾಯಿತು. ರಕ್ತ ಪರೀಕ್ಷೆಯಲ್ಲಿ ಲಿವರ್‌ನ ಎಸ್‌ಜಿಪಿಟಿ ಏರಿತ್ತು. ಏನೇನು ಮಾತ್ರೆ ತಗೊಳ್ತೀರಿ ಅಂತ ಡಾಕ್ಟರ್ ಕೇಳಿದರು. ಬಿಪಿಯದ್ದು ಹೇಳಿದರು, ಥೈರಾಯ್ಡಿನದ್ದು ಹೇಳಿದರು. ಎರಡನೇ ಸಲ ಕೇಳಿದಾಗಲೂ ಅದೇ, ಮೂರನೇ ಸಲವೂ ಅದೇ. ಮನೆಯಲ್ಲಿ ಮಾತ್ರೆ ಇಡುವ ಡಬ್ಬಿಯನ್ನೇ ತಂದು ತೋರಿಸಿದರು. ಅದರಲ್ಲೂ ಎರಡೇ. ಬಾಟಲಿ ಸಿಕ್ಕಿದ್ದು ಅವರ ಮಗಳಿಗೆ, ಅಡುಗೆಮನೆಯಲ್ಲಿ. ಒಗ್ಗರಣೆ ಡಬ್ಬಿಯ ಪಕ್ಕ, ಅರಿಶಿನ ಕುಂಕುಮದ ಬಟ್ಟಲಿನ ಹಿಂದೆ.

"ಅಮ್ಮ, ಇದನ್ನ ಯಾಕೆ ಹೇಳಲಿಲ್ಲ?"

"ಅವರು ಮಾತ್ರೆ ಯಾವುದು ಅಂತ ಕೇಳಿದ್ರು. ಇದು ಅರಿಶಿನ."

ಅದೇ ಕಾರಣ ಅಂತ ಡಾಕ್ಟರ್ ಖಡಾಖಂಡಿತವಾಗಿ ಹೇಳಲಿಲ್ಲ. ಮೊದಲು ನಿಲ್ಲಿಸಿ, ಆಮೇಲೆ ನೋಡೋಣ ಅಂದರು. ನಿಲ್ಲಿಸಿ ಎರಡು ತಿಂಗಳಿಗೆ ರಿಪೋರ್ಟ್ ಸರಿಯಾಯಿತು. ಮಂಡಿನೋವು ಇದ್ದಲ್ಲೇ ಇದೆ. ಅದಕ್ಕೀಗ ಫಿಸಿಯೋಥೆರಪಿಗೆ ಹೋಗುತ್ತಾರೆ, ಬೈಕೊಂಡೇ ಹೋಗುತ್ತಾರೆ.

ಮೊನ್ನೆ ಮತ್ತೆ ಫೋನ್ ಮಾಡಿದ್ದರು. ನನ್ನ ಮೇಲೆ ಸಿಟ್ಟು ಇರಬಹುದು ಅಂತ ಅಳುಕುತ್ತಲೇ ಎತ್ತಿದೆ. ಅವರ ಚಿಂತೆ ಬೇರೆಯೇ ಇತ್ತು.

"ಸಾರಿಗೆ ಅರಿಶಿನ ಹಾಕಬಹುದೋ ಬೇಡವೋ, ಡಾಕ್ಟರನ್ನ ಕೇಳೋದೇ ಮರೆತೆ ಕಣೋ. ನಿನಗೆ ಗೊತ್ತಾ?"

"ಹಾಕಿ ಚಿಕ್ಕಮ್ಮ, ಏನೂ ಆಗಲ್ಲ. ಆದ್ರೆ ಚಿಟಿಕೆ ಮಾತ್ರ."

"ಚಿಟಿಕೆಗಿಂತ ಜಾಸ್ತಿ ಯಾರು ಹಾಕ್ತಾರೋ? ಸಾರು ಕಹಿ ಆಗಲ್ವಾ!"